ಉಪ್ಪಿಲ್ಲದ ಇಲಿ, ಏರಿದ ಯೂರಿಯಾ: ಕೆಟ್ಟದ್ದು ಕಿಡ್ನಿಯೋ, ಲೆಕ್ಕವೋ?

ಪ್ರಶ್ನೆ: ಶಿವಮೊಗ್ಗದಲ್ಲಿ ಎಂ.ಫಾರ್ಮ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ 250 ಗ್ರಾಂ ಆಸುಪಾಸಿನ ಗಂಡು ವಿಸ್ಟಾರ್ ಇಲಿಗಳನ್ನು ಆರಾರರಂತೆ ನಾಲ್ಕು ಗುಂಪು ಮಾಡಿ 21 ದಿನ ಇಟ್ಟಿದ್ದೆ. ಮೊದಲ ಗುಂಪಿಗೆ ಅಂಗಡಿಯ ಮಾಮೂಲಿ ಪೆಲೆಟ್. ಎರಡನೆಯದಕ್ಕೆ ಕೇಸಿನ್ (ಹಾಲಿನ ಪ್ರೋಟೀನ್), ಪಿಷ್ಟ, ಎಣ್ಣೆ ಹಾಕಿ ನಾವೇ ಕಲೆಸಿದ, ಶೇ 0.02 ಸೋಡಿಯಂ ಇರುವ ಆಹಾರ. ಮೂರನೆಯದಕ್ಕೆ ಪೆಲೆಟ್ ಜೊತೆ ದಿನಕ್ಕೆ ಕೆ.ಜಿ.ಗೆ 10 ಮಿ.ಗ್ರಾಂ ಎನಲಾಪ್ರಿಲ್ ಎಂಬ ಬಿಪಿ ಔಷಧ. ನಾಲ್ಕನೆಯದಕ್ಕೆ ಕಡಿಮೆ ಉಪ್ಪು, ಎನಲಾಪ್ರಿಲ್ ಎರಡೂ. ಕೊನೆಯಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕಸಗಳು ರಕ್ತದಲ್ಲಿ ಎಷ್ಟಿವೆ ಎಂದು ಅಳೆದಾಗ ಯೂರಿಯಾ ಕ್ರಮವಾಗಿ 40, 52, 46, 128, ಕ್ರಿಯಾಟಿನಿನ್ 0.5, 0.6, 0.5, 1.3 ಬಂತು. ಕಡಿಮೆ ಉಪ್ಪಿನ ಗುಂಪಿನ ಸೀರಮ್ ಸೋಡಿಯಂ 139, ಮಾಮೂಲಿ ಗುಂಪಿನದು 142. ನಾಲ್ಕನೇ ಗುಂಪಿನ ಎರಡು ಇಲಿ ತೀರಾ ಮಂಕಾಗಿದ್ದವು. ‘ಸೋಡಿಯಂ ಕಡಿಮೆಯಾಗಿ ಕಿಡ್ನಿ ಹಾಳಾಯಿತು ಎಂದು ಬರೆದುಬಿಡು’ ಅನ್ನುತ್ತಾರೆ ಸೀನಿಯರ್‌ಗಳು. ಆದರೆ ಕಡಿಮೆ ಉಪ್ಪಿನ ಇಲಿಗಳ ಮೂತ್ರದಲ್ಲಿ ಸೋಡಿಯಂ ಲೀಟರ್‌ಗೆ 24 ಮಿಲಿಮೋಲ್ ಇತ್ತು. ಅದು ಸೊನ್ನೆಯ ಹತ್ತಿರ ಇರಬೇಕಿತ್ತಲ್ಲವೇ? ಕುಡಿಯಲು ಕೊಟ್ಟದ್ದು ಕ್ಯಾಂಪಸ್‌ನ ಬೋರ್‌ವೆಲ್ ನೀರು. ಗಡಸುತನ 300 ಇರುವುದರಿಂದ ಅದು ಸಾಫ್ಟನರ್ ದಾಟಿ ಬರುತ್ತದೆ. ವಾರಕ್ಕೊಮ್ಮೆ 2 ಮಿ.ಲೀ. ರಕ್ತ ತೆಗೆಯುತ್ತಿದ್ದೆವು. ಕಿಡ್ನಿಗಳು ಫಾರ್ಮಲಿನ್‌ನಲ್ಲಿವೆ.

ಇನ್ನೊಂದು ಮಾತು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಗೆ 74 ವರ್ಷ. ಬಿಪಿಗೆ ಟೆಲ್ಮಿಸಾರ್ಟನ್, ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಾರೆ. ಯಾರೋ ಹೇಳಿದರೆಂದು ಈಗ ಗಂಜಿಗೂ ಉಪ್ಪು ಹಾಕಿಕೊಳ್ಳುತ್ತಿಲ್ಲ. ಮಂಡಿ ನೋವು ಜೋರಾದಾಗ ಡೈಕ್ಲೋಫೆನಾಕ್ ನುಂಗುತ್ತಾರೆ. ಇಲಿಗಳನ್ನು ನೋಡಿದ ಮೇಲೆ ನನಗೆ ಭಯವಾಗುತ್ತಿದೆ.

ಉತ್ತರ: ‘ಕಡಿಮೆ ಸೋಡಿಯಂ’ ಎಂಬ ಒಂದೇ ಹೆಸರಿನಲ್ಲಿ ನೀವು ಎರಡು ಬೇರೆ ಬೇರೆ ಸಂಗತಿಗಳನ್ನು ಕರೆಯುತ್ತಿದ್ದೀರಿ. ಮೊದಲು ಅವನ್ನು ಬಿಡಿಸಿಕೊಳ್ಳೋಣ. ಆಹಾರದಲ್ಲಿ ಸೋಡಿಯಂ ಕಡಿಮೆಯಾಗುವುದು ಒಂದು, ರಕ್ತದಲ್ಲಿ ಅದರ ಸಾಂದ್ರತೆ ಇಳಿಯುವುದು ಇನ್ನೊಂದು. ಆರೋಗ್ಯವಂತ ಇಲಿಗೆ ಮೂರು ವಾರ ಉಪ್ಪು ಕೊಡದಿದ್ದರೂ ಸೀರಮ್ ಸೋಡಿಯಂ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಸೋಡಿಯಂ ಜೊತೆಗೆ ನೀರೂ ಹೊರಹೋಗುವುದರಿಂದ ಕುಗ್ಗುವುದು ದ್ರವದ ಒಟ್ಟು ಪ್ರಮಾಣ, ಸಾಂದ್ರತೆಯಲ್ಲ. ನಿಮ್ಮ 139 ರೋಗದ ಅಂಕಿಯಲ್ಲ. 142ಕ್ಕೂ 139ಕ್ಕೂ ಇರುವ ವ್ಯತ್ಯಾಸದಷ್ಟನ್ನು ಒಂದು ಹಳೆಯ ಎಲೆಕ್ಟ್ರೋಡ್ ತಾನೇ ತಂದುಬಿಡಬಲ್ಲದು. ರಕ್ತದ ಸೋಡಿಯಂ ನಿಜವಾಗಿ 110ರ ಆಸುಪಾಸಿಗೆ ಇಳಿಸುವ ಇಲಿ ಮಾದರಿಗಳು ಬೇರೆಯೇ ಇವೆ. ಅಲ್ಲಿ ಮೂತ್ರಕ್ಕೆ ನೀರು ಹೋಗದಂತೆ ತಡೆಯುವ ಡೆಸ್ಮೋಪ್ರೆಸಿನ್ ಔಷಧದ ಪಂಪ್ ಕೂರಿಸಿ ದ್ರವಾಹಾರ ಕೊಡುತ್ತಾರೆ. ಆ ಇಲಿಗಳಲ್ಲಿ ತೊಂದರೆ ಹೆಚ್ಚಿನ ನೀರಿನದು, ಪೆಟ್ಟು ಬೀಳುವುದು ಮಿದುಳಿಗೆ. ‘ಸೋಡಿಯಂ ಇಳಿದು ಕಿಡ್ನಿ ಹಾಳಾಯಿತು’ ಎಂಬ ವಾಕ್ಯ ನಿಮ್ಮ ದತ್ತಾಂಶಕ್ಕೆ ಹೊಂದುವುದಿಲ್ಲ. ಬರೆಯಬೇಡಿ.

ಇನ್ನು ಮೂತ್ರದ ಅಂಕಿ. ನಿಮಗೆ ಬಂದ ಸಂಶಯ ಸರಿಯಾಗಿದೆ, ಈ ಪ್ರಾಜೆಕ್ಟ್‌ನ ಕೀಲಿ ಇರುವುದೂ ಅಲ್ಲಿಯೇ. ಉಪ್ಪು ನಿಲ್ಲಿಸಿದ ಮೂರರಿಂದ ಐದು ದಿನದೊಳಗೆ ಇಲಿಯ ಮೂತ್ರದಲ್ಲಿ ಸೋಡಿಯಂ ಬಹುತೇಕ ಮಾಯವಾಗಬೇಕು. ಲೆಕ್ಕ ಹಾಕಿ ನೋಡಿ. 250 ಗ್ರಾಂ ಇಲಿ ದಿನಕ್ಕೆ 17 ಗ್ರಾಂ ತಿನ್ನುತ್ತದೆ ಅಂದುಕೊಂಡರೆ, ಶೇ 0.02ರಂತೆ ಅದಕ್ಕೆ ಸಿಗುವ ಸೋಡಿಯಂ 3.4 ಮಿ.ಗ್ರಾಂ, ಅಂದರೆ 0.15 ಮಿಲಿಮೋಲ್. ಮೂತ್ರ ದಿನಕ್ಕೆ 14 ಮಿ.ಲೀ. ಎಂದಿಟ್ಟರೆ, ಲೀಟರ್‌ಗೆ 24ರಂತೆ ಹೊರಹೋಗುತ್ತಿರುವುದು 0.34 ಮಿಲಿಮೋಲ್. ತಿಂದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು! ಮೂರು ವಾರ ದಿನವೂ ಇಷ್ಟು ಕಳೆದುಕೊಂಡು ಯಾವ ಇಲಿಯೂ ಓಡಾಡಿಕೊಂಡಿರಲಾರದು. ಬೇರೆ ಎಲ್ಲಿಂದಲೋ ಸೋಡಿಯಂ ಒಳಗೆ ಬರುತ್ತಿದೆ.

ನನ್ನ ಅನುಮಾನ ನಿಮ್ಮ ಸಾಫ್ಟನರ್ ಮೇಲೆ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ತಿಂಗಳಿಗೊಮ್ಮೆ ಅದರ ತೊಟ್ಟಿಗೆ ಉಪ್ಪು ಸುರಿಯುವುದು ಇದಕ್ಕೇ. ಲೀಟರ್‌ಗೆ 300 ಮಿ.ಗ್ರಾಂ ಗಡಸುತನ ಎಂದರೆ 6 ಮಿಲಿಈಕ್ವಿವಲೆಂಟ್. ಅಷ್ಟೂ ಸೋಡಿಯಂ ಆಗಿ ಬದಲಾದರೆ ಲೀಟರ್‌ಗೆ 138 ಮಿ.ಗ್ರಾಂ. ಇಲಿ ದಿನಕ್ಕೆ 30 ಮಿ.ಲೀ. ಕುಡಿದರೆ ನೀರಿನಿಂದಲೇ 4.1 ಮಿ.ಗ್ರಾಂ ಬಂತು. ಆಹಾರದ 3.4 ಸೇರಿಸಿ: 7.5 ಮಿ.ಗ್ರಾಂ, 0.33 ಮಿಲಿಮೋಲ್. ನಿಮ್ಮ ಮೂತ್ರದ 0.34ಕ್ಕೆ ಇದು ಎಷ್ಟು ಹತ್ತಿರ ಬಂತು ನೋಡಿ. ಹೊಂದಿಕೆ ಇಷ್ಟು ಚೆನ್ನಾಗಿದೆ ಎಂದೇ ಇದನ್ನೇ ಕೊನೆಯ ಮಾತು ಎಂದು ಹಿಡಿಯಬೇಡಿ. ಸೀಸೆಯ ನೀರನ್ನು ಒಮ್ಮೆ ಸೋಡಿಯಂ ಅಳೆಯುವ ಫ್ಲೇಮ್ ಫೋಟೋಮೀಟರ್‌ಗೆ ಕೊಡಿ, ಹತ್ತು ನಿಮಿಷದ ಕೆಲಸ. ಮುಂದಿನ ಬಾರಿ ಡಿಸ್ಟಿಲ್ಡ್ ಅಥವಾ ಆರ್.ಓ. ನೀರು ಕೊಡಿ. ತುಂಗೆಯ ನಲ್ಲಿ ನೀರಾದರೂ ಅಳೆಯದೆ ಕೊಡಬೇಡಿ.

ಸೋಡಿಯಂ ಕಳ್ಳದಾರಿಯಲ್ಲಿ ನುಗ್ಗುವ ಇನ್ನೂ ಎರಡು ಜಾಗಗಳಿವೆ. ಒಂದು ಕೇಸಿನ್. ಡಬ್ಬಿಯ ಮೇಲೆ ‘ಸೋಡಿಯಂ ಕೇಸಿನೇಟ್’ ಎಂದಿದ್ದರೆ ಅದರಲ್ಲಿ ಶೇ 1.2ರಷ್ಟು ಸೋಡಿಯಂ ಇರುತ್ತದೆ. ಆಹಾರದ ಐದನೇ ಒಂದು ಭಾಗ ಅದೇ ಆದರೆ ಕೆ.ಜಿ.ಗೆ 2.4 ಗ್ರಾಂ ಬಂದು, ಕಡಿಮೆ ಉಪ್ಪಿನ ಆಹಾರ ಮಾಮೂಲಿ ಪೆಲೆಟ್‌ಗೆ ಸಮನಾಗುತ್ತದೆ. ನಿಮ್ಮಲ್ಲಿ ಹಾಗೆ ಆಗಿರಲಾರದು, ಆಗಿದ್ದರೆ ಮೂತ್ರದ ಸೋಡಿಯಂ 24ರಲ್ಲಿ ನಿಲ್ಲದೆ ನೂರು ದಾಟುತ್ತಿತ್ತು. ಎರಡನೆಯದು ಮೂತ್ರ ಹಿಡಿಯಲು ಇಲಿಯನ್ನು ಇಡುವ ಮೆಟಬಾಲಿಕ್ ಕೇಜ್. ಪುಡಿ ಆಹಾರ ಕೊಳವೆಗೆ ಉದುರುತ್ತದೆ, ಸೀಸೆಯ ತುದಿಯಿಂದ ಹನಿ ತೊಟ್ಟಿಕ್ಕುತ್ತದೆ. ಸಂಗ್ರಹದ ಬಾಟಲಿಯ ತಳದಲ್ಲಿ ಬೆಳ್ಳಗೆ ಗಸಿ ಕಂಡರೆ ಆ ದಿನದ ಮೂತ್ರವನ್ನು ಬಿಟ್ಟುಬಿಡಿ.

ಹಾಗಾದರೆ ನಿಮ್ಮ ಇಲಿಗಳಿಗೆ ಸಿಕ್ಕಿದ್ದೆಷ್ಟು? 17 ಗ್ರಾಂ ಆಹಾರಕ್ಕೆ 7.5 ಮಿ.ಗ್ರಾಂ, ಅಂದರೆ ಶೇ 0.044. ಇಲಿಗೆ ಬೇಕಾದ ಕನಿಷ್ಠ ಸೋಡಿಯಂ ಶೇ 0.05 ಎಂಬುದು 1995ರಿಂದ ಎಲ್ಲರೂ ಬಳಸುತ್ತಿರುವ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಅಂಕಿ. ನಿಮ್ಮವು ಕೊರತೆಯ ಹೊಸ್ತಿಲಲ್ಲಿ ನಿಂತಿದ್ದ ಇಲಿಗಳು, ಉಪ್ಪಿಗಾಗಿ ಹಪಹಪಿಸುತ್ತಿದ್ದವಲ್ಲ.

ಇಷ್ಟಾದರೂ ನಾಲ್ಕನೇ ಗುಂಪು ನೆಲಕಚ್ಚಿತು. ಯಾಕೆ ಎಂಬುದಕ್ಕೆ ಕಿಡ್ನಿಯೊಳಗೆ ಇಣುಕಬೇಕು.

ಉಪ್ಪು ಕಡಿಮೆಯಾಗಿ ದ್ರವ ಕುಗ್ಗಿದಾಗ ಕಿಡ್ನಿಯ ರಕ್ತನಾಳದ ಗೋಡೆಯ ಕೋಶಗಳು ರೆನಿನ್ ಎಂಬ ಕಿಣ್ವ ಸುರಿಸುತ್ತವೆ. ಅದರಿಂದ ಆಂಜಿಯೋಟೆನ್ಸಿನ್-2, ಅದರಿಂದ ಆಲ್ಡೋಸ್ಟೆರೋನ್ ಎಂಬ ಹಾರ್ಮೋನುಗಳು. ಆಲ್ಡೋಸ್ಟೆರೋನ್ ಮೂತ್ರನಾಳಿಕೆಯ ಕೊನೆಯಲ್ಲಿ ಕೂತು ಸೋಡಿಯಂ ಅನ್ನು ಹನಿಹನಿಯಾಗಿ ಹಿಂದಕ್ಕೆಳೆಯುತ್ತದೆ. ಆಂಜಿಯೋಟೆನ್ಸಿನ್ ಮಾಡುವ ಕೆಲಸ ಇನ್ನೂ ನಾಜೂಕಿನದು. ಅಡಿಕೆ ತೋಟದ ಕಾಲುವೆಯಲ್ಲಿ ನೀರು ಸಣ್ಣಗಾದಾಗ ಮುಂದಿನ ಬಾಯಿಗೆ ಒಂದು ಸೋಗೆ, ನಾಲ್ಕು ಹೆಂಟೆ ಮಣ್ಣು ಅಡ್ಡ ಕೊಟ್ಟು ಹಿಂದೆ ಮಟ್ಟ ಏರಿಸುತ್ತಾರಲ್ಲ, ಹಾಗೆ ಇದು ಸೋಸುವ ಗಂಟಿನಿಂದ ರಕ್ತ ಹೊರಹೋಗುವ ನಾಳವನ್ನು ಬಿಗಿಯುತ್ತದೆ. ಒಳಬರುವ ರಕ್ತ ಕಡಿಮೆಯಾದರೂ ಗಂಟಿನೊಳಗೆ ಒತ್ತಡ ಉಳಿದು ಸೋಸುವ ಕೆಲಸ ನಡೆಯುತ್ತದೆ. ಒಳಬರುವ ನಾಳ ಮುಚ್ಚಿಕೊಳ್ಳದಂತೆ ಪ್ರೋಸ್ಟಗ್ಲಾಂಡಿನ್‌ಗಳು ಅದನ್ನು ಅಗಲವಾಗಿ ಹಿಡಿದಿರುತ್ತವೆ. ಉಪ್ಪು ಕಡಿಮೆ ತಿಂದ ಇಲಿಯ ಕಿಡ್ನಿಯಲ್ಲಿ, ಪ್ರೋಸ್ಟಗ್ಲಾಂಡಿನ್ ತಯಾರಿಸುವ ಕಾಕ್ಸ್-2 ಕಿಣ್ವ ಹೆಚ್ಚುವುದು ಇದಕ್ಕೇ.

ನಿಮ್ಮ ಎರಡನೇ ಗುಂಪಿನ ಕಿಡ್ನಿ ಈ ಎರಡು ಊರುಗೋಲಿನ ಮೇಲೆ ನಿಂತಿತ್ತು. ಅದು ಗಾಯಗೊಂಡ ಕಿಡ್ನಿಯಲ್ಲ, ಮೀಸಲು ಖರ್ಚು ಮಾಡಿಕೊಂಡ ಕಿಡ್ನಿ. ಎನಲಾಪ್ರಿಲ್ ಆಂಜಿಯೋಟೆನ್ಸಿನ್ ಹುಟ್ಟುವುದನ್ನೇ ತಡೆಯುತ್ತದೆ. ಮಾಮೂಲಿ ಉಪ್ಪು ತಿನ್ನುವ ಇಲಿಯಲ್ಲಿ ಆ ಊರುಗೋಲು ಬಳಕೆಯಲ್ಲೇ ಇಲ್ಲ, ಕಿತ್ತರೂ ಏನೂ ಆಗದು. ಮೂರನೇ ಗುಂಪು ಆರಾಮಾಗಿದ್ದದ್ದು ಅದಕ್ಕೆ. ನಾಲ್ಕನೆಯದರಲ್ಲಿ ಕಾಲುವೆಯ ಅಡ್ಡವನ್ನೇ ಕಿತ್ತ ಹಾಗಾಯಿತು: ಬಿಪಿ ಇಳಿಯಿತು, ಗಂಟಿನ ಒತ್ತಡ ಇಳಿಯಿತು, ಯೂರಿಯಾ ಏರಿತು. ಯೂರಿಯಾ ಮೂರು ಪಟ್ಟಿಗಿಂತ ಜಾಸ್ತಿ ಏರಿ ಕ್ರಿಯಾಟಿನಿನ್ ಎರಡೂವರೆ ಪಟ್ಟಿನಲ್ಲಿ ನಿಂತದ್ದೂ ಈ ಕಡೆಗೇ ಬೆರಳು ತೋರಿಸುತ್ತದೆ. ದ್ರವ ಕುಗ್ಗಿದಾಗ ನಾಳಿಕೆಗಳು ನೀರು, ಸೋಡಿಯಂ ಜೊತೆ ಯೂರಿಯಾವನ್ನೂ ಹಿಂದಕ್ಕೆಳೆಯುತ್ತವೆ, ಕ್ರಿಯಾಟಿನಿನ್ ಅನ್ನು ಹಾಗೆ ಎಳೆಯುವುದಿಲ್ಲ.

ಆ ಗುಂಪಿನ ಸೀರಮ್ ಉಳಿದಿದ್ದರೆ ಪೊಟ್ಯಾಸಿಯಂ ನೋಡಿ. ಆಲ್ಡೋಸ್ಟೆರೋನ್ ಇಲ್ಲದೆ, ಸೋಸುವಿಕೆಯೂ ಕುಗ್ಗಿದಾಗ ಅದು ಏರುತ್ತದೆ. ಇಲಿಗಳ ಮಂಕಿಗೆ ಅದರ ಪಾಲೂ ಇರಬಹುದು. ಸೀರಮ್ ಗುಲಾಬಿ ಬಣ್ಣಕ್ಕಿದ್ದರೆ ಮಾತ್ರ ಆ ಪೊಟ್ಯಾಸಿಯಂ ನಂಬಬೇಡಿ, ಒಡೆದ ಕೆಂಪುಕಣಗಳದ್ದು ಅದು.

ನೀವು ಕೇಳದ ಒಂದು ವಿಷಯ: ರಕ್ತ ತೆಗೆದ ಪ್ರಮಾಣ. ಇಲಿಯ ರಕ್ತ ಕೆ.ಜಿ.ಗೆ ಸುಮಾರು 64 ಮಿ.ಲೀ., ನಿಮ್ಮ ಇಲಿಯಲ್ಲಿ ಒಟ್ಟು 16. ವಾರಕ್ಕೆ 2 ಮಿ.ಲೀ. ಎಂದರೆ ಎಂಟನೇ ಒಂದು ಭಾಗ. ವಾರಕ್ಕೊಮ್ಮೆ ತೆಗೆಯುವುದಾದರೆ ಶೇ 7.5, ಅಂದರೆ 1.2 ಮಿ.ಲೀ. ದಾಟಬಾರದು. ಆ 2 ಮಿ.ಲೀ. ರಕ್ತದ ಪ್ಲಾಸ್ಮಾದಲ್ಲಿ ಸುಮಾರು 3.6 ಮಿ.ಗ್ರಾಂ ಸೋಡಿಯಂ ಹೊರಗೆ ಹೋಯಿತು, ಇಲಿ ಆಹಾರದಿಂದ ಇಡೀ ದಿನ ಗಳಿಸಿದ್ದಕ್ಕಿಂತ ಜಾಸ್ತಿ. ಮಾಮೂಲಿ ಗುಂಪು ಅದನ್ನು ಮರುದಿನವೇ ತುಂಬಿಕೊಂಡಿತು. ನಾಲ್ಕನೇ ಗುಂಪಿಗೆ ತುಂಬಿಕೊಳ್ಳಲು ದಾರಿಯೇ ಇರಲಿಲ್ಲ.

ಕ್ರಿಯಾಟಿನಿನ್ ಅಳೆದದ್ದು ಪಿಕ್ರಿಕ್ ಆಸಿಡ್‌ನ ಜಾಫೆ ವಿಧಾನದಲ್ಲಿ ಇರಬೇಕು, ಅಗ್ಗದ ಕಿಟ್‌ಗಳೆಲ್ಲ ಅದೇ. ಇಲಿಯ ಪ್ಲಾಸ್ಮಾದಲ್ಲಿ ಕ್ರಿಯಾಟಿನಿನ್ ಅಲ್ಲದ ವಸ್ತುಗಳೂ ಅದೇ ಬಣ್ಣ ಕೊಡುತ್ತವೆ. ಮೂತ್ರದ ಕ್ರಿಯಾಟಿನಿನ್ 60, ಪ್ರಮಾಣ ದಿನಕ್ಕೆ 14 ಮಿ.ಲೀ., ಪ್ಲಾಸ್ಮಾದ್ದು 0.5 ಎಂದು ಹಾಕಿದರೆ ಕ್ಲಿಯರೆನ್ಸ್ (ಕಿಡ್ನಿ ಸೋಸುವ ವೇಗ) ನಿಮಿಷಕ್ಕೆ 1.17 ಮಿ.ಲೀ., ಅಂದರೆ ದೇಹತೂಕದ 100 ಗ್ರಾಂಗೆ 0.47 ಬರುತ್ತದೆ. ಆರೋಗ್ಯವಂತ ಇಲಿಯದು 1ರ ಆಸುಪಾಸು ಇರಬೇಕು. ಈ ಲೆಕ್ಕದಲ್ಲಿ ಮಾಮೂಲಿ ಇಲಿಗೇ ಅರ್ಧ ಕಿಡ್ನಿ! ಪ್ಲಾಸ್ಮಾದ ನಿಜವಾದ ಅಂಕಿ 0.25 ಇದ್ದರೆ ಲೆಕ್ಕ ಸರಿಹೋಗುತ್ತದೆ. ಕಿಣ್ವ ಆಧಾರಿತ ಕಿಟ್ ಬಳಸಿ. 0.5, 0.6ರ ನಡುವಿನ ವ್ಯತ್ಯಾಸವನ್ನು ಈ ಕಿಟ್‌ನ ಬಲದ ಮೇಲೆ ಪ್ರಬಂಧದಲ್ಲಿ ವಾದಿಸಬೇಡಿ. ಯೂರಿಯಾ, ಬಿ.ಯು.ಎನ್. (ಯೂರಿಯಾದೊಳಗಿನ ಸಾರಜನಕದ ತೂಕ ಮಾತ್ರ) ಎರಡನ್ನು ಕಲಸಿಕೊಂಡಿಲ್ಲ ಎಂಬುದನ್ನೂ ನೋಡಿಕೊಳ್ಳಿ. ಬಿ.ಯು.ಎನ್. ಅನ್ನು 2.14ರಿಂದ ಗುಣಿಸಿದರೆ ಯೂರಿಯಾ.

ಎರಡನೇ ಗುಂಪಿನ ಯೂರಿಯಾ 40ರಿಂದ 52ಕ್ಕೆ ಹೋದದ್ದು ಉಪ್ಪಿನಿಂದಲೇ ಎಂದು ಹೇಳಲೂ ಬರುವುದಿಲ್ಲ. ಒಂದು ಗುಂಪು ತಿಂದದ್ದು ಅಂಗಡಿಯ ಪೆಲೆಟ್, ಇನ್ನೊಂದು ಕೇಸಿನ್. ಪ್ರೋಟೀನ್ ಬೇರೆ, ನಾರು ಬೇರೆ, ಪೊಟ್ಯಾಸಿಯಂ ಬೇರೆ. ಹೋಲಿಕೆಯ ಗುಂಪಿಗೆ ನೀವು ಕಲೆಸಿದ ಅದೇ ಆಹಾರ ಕೊಡಬೇಕು, ಉಪ್ಪನ್ನು ಮಾತ್ರ ಮರಳಿ ಸೇರಿಸಿ. ಪ್ರಯೋಗದ ಇಲಿಗಳ ಆಹಾರಕ್ಕೆಂದೇ ಇರುವ ಎಐಎನ್-93ಜಿ ಸೂತ್ರದ ಖನಿಜ ಮಿಶ್ರಣದಲ್ಲಿ ಕೆ.ಜಿ.ಗೆ 74 ಗ್ರಾಂ ಉಪ್ಪಿದೆ. ಆಹಾರದ ಕೆ.ಜಿ.ಗೆ 35 ಗ್ರಾಂ ಮಿಶ್ರಣ ಹಾಕಿದಾಗ 2.6 ಗ್ರಾಂ ಉಪ್ಪು, ಅದರಿಂದ ಸುಮಾರು 1 ಗ್ರಾಂ ಸೋಡಿಯಂ. ಉಪ್ಪು ಬಿಟ್ಟ ಮಿಶ್ರಣ ಮಾಡಿಸಿಕೊಂಡು, ಬಿಟ್ಟ ತೂಕಕ್ಕೆ ಪಿಷ್ಟ ತುಂಬಿ. ಉಪ್ಪು ತೆಗೆದಾಗ ಕ್ಲೋರೈಡ್ ಕೂಡ ಹೋಗುತ್ತದೆ ಎಂಬುದನ್ನು ಪ್ರಬಂಧದಲ್ಲಿ ಒಪ್ಪಿಕೊಳ್ಳಿ, ಕಿಡ್ನಿ ಅದನ್ನೂ ಲೆಕ್ಕಕ್ಕಿಡುತ್ತದೆ. ಕಡಿಮೆ ಉಪ್ಪಿನ ಇಲಿ ಕಡಿಮೆ ತಿನ್ನುವುದೂ ಉಂಟು. ದಿನಾ ಉಳಿದದ್ದನ್ನು ತೂಗಿ, ಹೋಲಿಕೆಯ ಗುಂಪಿಗೂ ಅಷ್ಟೇ ಹಾಕಿ.

ಇವೆಲ್ಲ ಮಾಡಿದ ಮೇಲೂ ನಾಲ್ಕನೇ ಗುಂಪಿನದು ಬರೀ ಒತ್ತಡದ ಇಳಿತವೋ, ನಿಜವಾದ ಗಾಯವೋ ಎಂಬ ಪ್ರಶ್ನೆ ಉಳಿಯುತ್ತದೆ. ಫಾರ್ಮಲಿನ್‌ನಲ್ಲಿರುವ ಕಿಡ್ನಿಗಳನ್ನು 3–4 ಮೈಕ್ರಾನ್ ತೆಳುವಾಗಿ ಕತ್ತರಿಸಿ ಪಿ.ಎ.ಎಸ್. ಬಣ್ಣ ಹಾಕಿಸಿ. ಹತ್ತಿರದ ನಾಳಿಕೆಗಳ ಒಳಅಂಚಿನಲ್ಲಿ ಕಡುಗುಲಾಬಿಯ ದಟ್ಟ ಗೆರೆ ಅಖಂಡವಾಗಿದ್ದರೆ ಕೋಶಗಳು ಬದುಕಿವೆ. ಗೆರೆ ಅಳಿಸಿ, ಕೋಶಗಳು ಕಳಚಿ ನಾಳಿಕೆಯೊಳಗೆ ಬಿದ್ದಿದ್ದರೆ ಗಾಯ. ಆದರೆ ಕಿಡ್ನಿಯನ್ನು ಸೀಳದೆ ಇಡಿಯಾಗಿ ಅದ್ದಿದ್ದರೆ ಒಳಭಾಗ ಕೊಳೆತು ಗಾಯದ ಹಾಗೇ ಕಂಡೀತು. ಮೊದಲು ಮಾಮೂಲಿ ಗುಂಪಿನ ಸ್ಲೈಡ್ ನೋಡಿ, ಅಲ್ಲೂ ಹಾಗೇ ಇದ್ದರೆ ಕೆಟ್ಟದ್ದು ನಿಮ್ಮ ಕೈಯಲ್ಲಿ.

ಇದಕ್ಕಿಂತ ಗಟ್ಟಿ ಪುರಾವೆ ಬೇಕಿದ್ದರೆ ಪ್ರಯೋಗ ಮತ್ತೆ ಮಾಡಬೇಕು. ಕಡಿಮೆ ಉಪ್ಪು, ಎನಲಾಪ್ರಿಲ್ ಎರಡೂ ಕೊಟ್ಟು ಯೂರಿಯಾ ಏರಿದ ಮೇಲೆ ಔಷಧ ಮುಂದುವರಿಸುತ್ತಲೇ ಅರ್ಧ ಇಲಿಗಳಿಗೆ ಉಪ್ಪಿನ ಆಹಾರ ಮರಳಿಸಿ. ಒಂದು ವಾರದಲ್ಲಿ ಅಂಕಿಗಳು ಇಳಿದರೆ ಆದದ್ದು ಒತ್ತಡದ ಆಟ. ಇದರ ಅಪಾಯವೂ ಸಣ್ಣದಲ್ಲ: ಏರಲು ಬಿಟ್ಟ ಹೊತ್ತಿನಲ್ಲಿ ಇಲಿಗಳು ಸಾಯಬಹುದು. ತೂಕ ಎಷ್ಟು ಇಳಿದರೆ ನಿಲ್ಲಿಸುತ್ತೀರಿ ಎಂಬುದನ್ನು ಮುಂಚೆಯೇ ಬರೆದು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ, ಹಳೆಯ ಒಪ್ಪಿಗೆ ಇದಕ್ಕೆ ಸಾಲದು. ಡೋಸ್ ಇಳಿಸುವುದು ಇನ್ನೊಂದು ದಾರಿ. ಇಲಿಯ ಕೆ.ಜಿ.ಗೆ 10 ಮಿ.ಗ್ರಾಂ ಎಂದರೆ ದೇಹದ ಮೇಲ್ಮೈ ಲೆಕ್ಕದಲ್ಲಿ 60 ಕೆ.ಜಿ. ಮನುಷ್ಯನಿಗೆ ಸುಮಾರು 97 ಮಿ.ಗ್ರಾಂ. ಮನುಷ್ಯರಿಗೆ ದಿನಕ್ಕೆ 40 ದಾಟಿಸುವುದಿಲ್ಲ. ಡೋಸ್ ಇಳಿಸಿದರೆ ಇಲಿ ಉಳಿಯುತ್ತದೆ, ಪರಿಣಾಮವೂ ಮಸುಕಾಗಿ ಆರು ಇಲಿಯ ಗುಂಪಿನಲ್ಲಿ ಕಾಣದೇ ಹೋಗಬಹುದು.

ಉಪ್ಪು ಕಡಿತ ಕಿಡ್ನಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಇಲಿಗಳು ಎರಡೂ ಉತ್ತರ ಕೊಡುತ್ತವೆ. ಅಮೆರಿಕದ ಸಂಶೋಧಕ ಲೂಯಿಸ್ ಡಾಲ್ 1960ರ ದಶಕದಲ್ಲಿ ಬೆಳೆಸಿದ, ಉಪ್ಪು ತಡೆದುಕೊಳ್ಳಲಾಗದ ಇಲಿಗಳಿಗೆ ಉಪ್ಪು ಕಡಿಮೆ ಮಾಡಿದರೆ ಬಿಪಿಯೂ ಇಳಿಯುತ್ತದೆ, ಕಿಡ್ನಿಯೂ ಉಳಿಯುತ್ತದೆ. ಅದೇ, ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೋರಿನ್ ಔಷಧವನ್ನು ಕೆ.ಜಿ.ಗೆ 15 ಮಿ.ಗ್ರಾಂನಂತೆ 28 ದಿನ ಚುಚ್ಚುವ ಮಾದರಿಯಲ್ಲಿ ಶೇ 0.05 ಸೋಡಿಯಂ ತಿಂದ ಇಲಿಯ ಕಿಡ್ನಿ ಪಟ್ಟೆಪಟ್ಟೆಯಾಗಿ ನಾರುಗಟ್ಟುತ್ತದೆ, ಮಾಮೂಲಿ ಉಪ್ಪು ತಿಂದದ್ದು ಅಷ್ಟು ಕೆಡುವುದಿಲ್ಲ. ಜೆಂಟಮೈಸಿನ್ ಎಂಬ ಆ್ಯಂಟಿಬಯೋಟಿಕ್‌ನ ವಿಷವೂ ಉಪ್ಪು ಕಳೆದುಕೊಂಡ ಇಲಿಗೇ ಹೆಚ್ಚು ತಟ್ಟುತ್ತದೆ.

ಕೊಟ್ಟಿಗೆಯಲ್ಲೂ ಇದೇ ಶರೀರಶಾಸ್ತ್ರ ನಡೆಯುತ್ತಿರುತ್ತದೆ. ಮಳೆ ತೊಳೆದ ನೆಲದ ಹುಲ್ಲು ಮೇಯ್ದ ದನ ಗೋಡೆ ನೆಕ್ಕುತ್ತದೆ, ಪಕ್ಕದ ದನದ ಗಂಜಲಕ್ಕೆ ನಾಲಿಗೆ ಚಾಚುತ್ತದೆ. ಅದರ ಜೊಲ್ಲಿನಲ್ಲಿ ಪೊಟ್ಯಾಸಿಯಂಗಿಂತ ಇಪ್ಪತ್ತು ಪಟ್ಟು ಇರಬೇಕಾದ ಸೋಡಿಯಂ ತಿರುಗುಮುರುಗಾಗಿ, ಪೊಟ್ಯಾಸಿಯಂ ಮೇಲಾಗುತ್ತದೆ. ಆಗಲೂ ಸೀರಮ್ ಸೋಡಿಯಂ ಸರಿಯಾಗಿಯೇ ಬರುತ್ತದೆ. ಕಲಗಚ್ಚಿಗೆ ಹಾಕುವ ಒಂದು ಹಿಡಿ ಉಪ್ಪು ಸುಮ್ಮನೆ ಬಂದ ಪದ್ಧತಿಯಲ್ಲ.

ಅಜ್ಜಿಯ ವಿಷಯಕ್ಕೆ ಬರೋಣ. ಶೇ 0.02 ಸೋಡಿಯಂ ಆಹಾರವನ್ನು ಕ್ಯಾಲೊರಿ ಲೆಕ್ಕದಲ್ಲಿ ಮನುಷ್ಯರಿಗೆ ಇಳಿಸಿದರೆ ದಿನವಿಡೀ ಮೂರನೇ ಒಂದು ಗ್ರಾಂ ಉಪ್ಪು, ಒಂದು ಚಿಟಿಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಇಲಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಮಾಮೂಲಿ ಪೆಲೆಟ್. ಹಾಗಾಗಿ ಉಪ್ಪು ಕಡಿಮೆ ಮಾಡಿದ್ದಕ್ಕೆ ಹೆದರಬೇಕಿಲ್ಲ. ಗಂಜಿಗೆ ಉಪ್ಪು ಬಿಟ್ಟವರು ಜೊತೆಗೆ ಎರಡು ಅಪ್ಪೆಮಿಡಿ ಉಪ್ಪಿನಕಾಯಿ ನೆಂಜಿಕೊಳ್ಳುತ್ತಿದ್ದರೆ ಉಪ್ಪು ಬಿಟ್ಟ ಹಾಗೂ ಅಲ್ಲ. ಇಂದುಪ್ಪು ಕೂಡ ಬಹುಪಾಲು ಸೋಡಿಯಂ ಕ್ಲೋರೈಡೇ. ‘ಲೋ ಸೋಡಿಯಂ’ ಪ್ಯಾಕೆಟ್ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಹೆದರಬೇಕಾದದ್ದು ಡೈಕ್ಲೋಫೆನಾಕ್‌ಗೆ. ಟೆಲ್ಮಿಸಾರ್ಟನ್ ಹೊರನಾಳದ ಊರುಗೋಲು ಕಿತ್ತಿದೆ, ಥಯಾಜೈಡ್ ಉಪ್ಪು ನೀರು ಹೊರಗೆ ಕಳಿಸುತ್ತಿದೆ, ನೋವಿನ ಮಾತ್ರೆ ಒಳನಾಳದ ಪ್ರೋಸ್ಟಗ್ಲಾಂಡಿನ್ ಅನ್ನೂ ನಿಲ್ಲಿಸುತ್ತದೆ. ನಿಮ್ಮ ನಾಲ್ಕನೇ ಗುಂಪಿಗಾದರೂ ಒಂದು ಊರುಗೋಲು ಉಳಿದಿತ್ತು. ವಯಸ್ಸಾದ ಹೆಂಗಸರಲ್ಲಿ ಥಯಾಜೈಡ್ ರಕ್ತದ ಸೋಡಿಯಂ ಅನ್ನೂ ನಿಜವಾಗಿ ಇಳಿಸಬಲ್ಲದು. ಮಾತಿನಲ್ಲಿ ತಡವರಿಕೆ, ಗೊಂದಲ, ನಡೆಯುವಾಗ ವಾಲುವುದು ಕಂಡರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈ ವಾರವೇ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಮೂರನ್ನೂ ಮಾಡಿಸಿ. ವರದಿಯ ಜೊತೆ ಅಜ್ಜಿ ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ, ಮೆಡಿಕಲ್ ಶಾಪಿನಿಂದ ನೇರ ತಂದ ನೋವಿನ ಮಾತ್ರೆಯನ್ನೂ ಸೇರಿಸಿ, ವೈದ್ಯರ ಮುಂದೆ ಇಡಿ. ಮಂಡಿಗೆ ಬೇರೆ ಏನು ಕೊಡಬಹುದು, ಮಳೆಗಾಲದಲ್ಲಿ ವಾಂತಿ ಭೇದಿಯಾದ ದಿನ ಬಿಪಿ ಮಾತ್ರೆಯನ್ನು ಏನು ಮಾಡಬೇಕು ಎಂದು ಕೇಳಿ, ಉತ್ತರವನ್ನು ಅದೇ ಚೀಟಿಯ ಹಿಂದೆ ಬರೆಸಿಕೊಂಡು ಬನ್ನಿ.